ಬೆರಳು ಒತ್ತಿದಾಗ ಓಡುವ ದಾರ

ರವಿವಾರ, ಬೆಳಿಗ್ಗೆ ಏಳೂವರೆ. ಬಾಗೇವಾಡಿಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ, ಮುದ್ದೇಬಿಹಾಳದಿಂದ ಮೊದಲ ಬಸ್ಸಿಗೆ ಬಂದ ಮಗಳು.

ಹೆಂಡತಿ ಹಳೆಯ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುತ್ತಾಳೆ. ಕಂಪ್ಯೂಟರ್ ಕಲಿಸುವ ಮಗಳು ಆ ಕೌದಿಗಳಿಗಾಗಿ ಒಂದು ವೆಬ್‌ಸೈಟ್ ಮಾಡಿ ತೋರಿಸಲು ತಂದಿದ್ದಳು. ತೆರೆದೊಡನೆ ಕೌದಿಗಳು ಹಾರಿ ಬಂದವು, ಗಿರಗಿರ ತಿರುಗಿದವು, ಅಕ್ಷರಗಳು ಮೇಲಿನಿಂದ ಉದುರಿದವು. ಮಗಳು ತಾಯಿಯ ಮುಖವನ್ನೇ ನೋಡುತ್ತಿದ್ದಳು. ತಾಯಿ ಗೋಡೆ ಹಿಡಿದಳು.

“ಬಸ್ಸಿನ ಹಿಂದಿನ ಸೀಟಿನ್ಯಾಗ ಕುಂತಂಗ ಆಗಾಕತ್ತೈತಿ ನನ್ನವ್ವಾ.”

ಹೋದ ವರ್ಷದಿಂದ ಅವಳಿಗೆ ತಲೆಸುತ್ತು. ಕಣ್ಣೆದುರು ಏನಾದರೂ ಓಡಿದರೆ ಇನ್ನೂ ಹೆಚ್ಚು. ತಾನು ಹೊಲಿದದ್ದನ್ನು ತಾನೇ ನೋಡಲಾಗದಿದ್ದರೆ ಅದು ಅವಳ ಪುಟ ಹೇಗಾದೀತು?

ನಾನು ಶಾಲೆಯಲ್ಲಿ ಕವಾಯತು ಮಾಡಿಸಿದವನು. ಸೀಟಿ ಊದದೆ ಮೈದಾನದಲ್ಲಿ ಒಂದು ಕೈಯೂ ಅಲುಗಬಾರದು.

“ಎಲ್ಲಾ ಅನಿಮೇಷನ್ ತಗಿ,” ಎಂದೆ.

“ಒಂದು ವಾರ ಕುಂತು ಮಾಡೇನಿ ಅಪ್ಪಾ.”

“ಗೊತ್ತೈತಿ. ತಗಿ.”

ತೆಗೆದಳು. ಮುಖ ಸಣ್ಣದಾಯಿತು. ಹೆಂಡತಿ ಮಗಳ ಬೆನ್ನ ಮೇಲೆ ಕೈ ಇಟ್ಟಳು.

ಹತ್ತು ಗಂಟೆಗೆ ಮತ್ತೆ ತೆರೆದೆವು. ಈಗ ಪುಟ ನಿಂತಿತ್ತು. ಹೆಂಡತಿ ಬೆರಳಿಟ್ಟು ಒಂದೊಂದೇ ಕೌದಿ ನೋಡಿದಳು. “ಇದು ನಮ್ಮವ್ವನ ಇಳಕಲ್ ಸೀರಿ,” ಎಂದು ಒಂದು ಕೆಂಪು ತುಂಡಿನ ಬಳಿ ಬೆರಳು ನಿಲ್ಲಿಸಿದಳು. ಆಮೇಲೆ, ಪರೀಕ್ಷೆಗೆಂದು ‘ಬೇಕು’ ಎಂಬ ಗುಂಡಿ ಒತ್ತಿದಳು. ಏನೂ ಅಲುಗಲಿಲ್ಲ. ಮತ್ತೆ ಮತ್ತೆ ಒತ್ತಿದಳು. ಮಗಳ ಮೊಬೈಲಿಗೆ ಅದೇ ಕೌದಿ ಬೇಕೆಂದು ನಾಲ್ಕು ಸಂದೇಶ ಬಂದವು.

“ನಾಕ್ ಸಲ ಯಾಕ ಒತ್ತಿದಿ?” ಎಂದೆ.

“ಮತ್ತೇನ್ ಮಾಡ್ಲಿರಿ? ಅದು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಥೇಟ್ ನಿಮ್ಮಂಗ! ಚಾ ಬೇಕೇನ್ರಿ ಅಂದ್ರ ನೀವೂ ಹಿಂಗ ಕುಂತಿರ್ತೀರಿ.”

ಮಗಳು ಬಿದ್ದು ಬಿದ್ದು ನಕ್ಕಳು. ನನಗೆ ನಗು ತುಸು ತಡವಾಗಿ ಬಂತು. ಸೀಟಿ ಊದಿದ ಮೇಲೂ ಯಾರೂ ಅಲುಗದಿದ್ದರೆ ಅದೂ ಕವಾಯತಲ್ಲ. ತಪ್ಪು ನನ್ನದೆಂದು ಒಪ್ಪಿದೆ.

ಮಗಳು ಒಂದೇ ಒಂದು ಚಲನೆ ಮರಳಿ ಸೇರಿಸಿದಳು. ‘ಬೇಕು’ ಒತ್ತಿದಾಗ ಗುಂಡಿಯ ಅಂಚಿನಲ್ಲಿ ದಾರ ನಾಲ್ಕು ಹೊಲಿಗೆ ಓಡಿ, ಗಂಟಾಗಿ ನಿಲ್ಲುತ್ತದೆ. ಹೆಂಡತಿ ಒಂದೇ ಸಲ ಒತ್ತಿದಳು. ಕಣ್ಣು ಮುಚ್ಚಲಿಲ್ಲ, ಗೋಡೆ ಹಿಡಿಯಲಿಲ್ಲ.

“ಮುಟ್ಟಿತು,” ಎಂದಳು.

ಸಂಜೆ ಐದಕ್ಕೆ ಮಗಳನ್ನು ಬಸ್ಸಿಗೆ ಹತ್ತಿಸಿ ಬಂದೆ. ಹೆಂಡತಿ ತನ್ನ ಕೈಯಲ್ಲಿದ್ದ ಕೌದಿಯ ಇನ್ನೂ ಹೊಲಿಯದ ಕೊನೆಯ ಮೂಲೆಯೊಳಗೆ ನಾಲ್ಕು ಕಾಳು ಜೋಳ ಹಾಕಿದಳು. ಒಳಗೆ ಕಾಳಿಲ್ಲದೆ ಹಸಿದ ಕೌದಿಯನ್ನು ಯಾರಿಗೂ ಕೊಡಬಾರದೆಂಬುದು ಅವಳ ತವರಿನ ಪದ್ಧತಿ.

“ಚಾ ಬೇಕೇನ್ರಿ?”

“ಹೂಂ, ಬೇಕು,” ಎಂದೆ ತಕ್ಷಣ. ಸೂಜಿಗೆ ದಾರ ಪೋಣಿಸಿ ಕೊಟ್ಟೆ. ಅವಳು ಮೂಲೆ ಮುಚ್ಚಿ ಗಂಟು ಹಾಕಿದಳು.