ನಾಲ್ಕು ಗಂಟೆಯ ಮರುಪ್ರಸಾರ

ಮೊದಲು ಕಹಳೆ, ಆಮೇಲೆ ಡೋಲಿನ ಬಡಿತ, ಕೊನೆಗೆ ಟಿಣ್ ಎಂದು ಒಂದು ಗಂಟೆ. ಕಳೆದ ವಾರ ಅಮ್ಮನ ಬಿಪಿ ತೋರಿಸಲು ಕಾರ್ಕ್ ಪಕ್ಕದ ಬ್ಯಾಲಿನ್‌ಕೊಲಿಗ್‌ನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಕಾಯುವ ಕೋಣೆಯ ಗೋಡೆಗೆ ಹಾಕಿದ್ದ ಟಿವಿಯಲ್ಲಿ ಆ ಸಂಗೀತ ಶುರುವಾದದ್ದೇ ತಡ, ನನ್ನ ಬಲಗೈ ತಾನಾಗಿಯೇ ಮುಂದಕ್ಕೆ ಹೋಯಿತು, ಅಲ್ಲಿ ಇಲ್ಲದ ಒಂದು ಗಂಟೆಯನ್ನು ಹಿಡಿಯಲು. ಪಕ್ಕದಲ್ಲಿದ್ದ ಅಮ್ಮ ನನ್ನ ಕೈ ನೋಡಿದಳು, ಟಿವಿ ನೋಡಿದಳು. "ನಿಮ್ಮಪ್ಪನ ಆಟ ಬಂತು ನೋಡು" ಎಂದಳು. ಅಪ್ಪ ಹೋಗಿ ಎರಡು ವರ್ಷವಾಗಿದೆ.

ನಾವಿದ್ದ ಬಾಡಿಗೆ ಮನೆ ಆ ಕ್ಲಿನಿಕ್ಕಿನಿಂದ ಎರಡೇ ತಿರುವಿನಾಚೆ. ಗೋಡೆಗಳು ಈಗಲೂ ಇವೆ, ಕಿಟಕಿಗೆ ಮಾತ್ರ ಬೇರೆ ಯಾರದೋ ಪರದೆ. ನನಗೆ ಏಳು ವರ್ಷವಿದ್ದಾಗ ಅಮ್ಮನಿಗೆ ಡಬ್ಲಿನ್‌ನಿಂದ ದಕ್ಷಿಣಕ್ಕಿರುವ ಕಾರ್ಕ್ ನಗರದಲ್ಲಿ ನರ್ಸ್ ಕೆಲಸ ಸಿಕ್ಕಿ ಮೂವರೂ ಮೈಸೂರಿನಿಂದ ಬಂದೆವು. ಅಮ್ಮನ ಪರ್ಮಿಟ್ಟಿನ ಬಾಲ ಹಿಡಿದು ಬಂದ ಅಪ್ಪ ಆಗಿನ ನಿಯಮದಂತೆ ಇಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಮೈಸೂರಿನ ಪ್ರೆಸ್ಸೊಂದರಲ್ಲಿ ಕರಡು ತಿದ್ದುತ್ತಿದ್ದ ಮನುಷ್ಯ, ಒಂದು ಒತ್ತಕ್ಷರ ತಪ್ಪಿದರೆ ಜಗಳಕ್ಕೆ ನಿಲ್ಲುತ್ತಿದ್ದವನು, ಇಲ್ಲಿ ಬಟ್ಟೆ ಒಣಗಿಸಿ, ಸಾರು ಮಾಡಿ, ನನಗೆ ಜಡೆ ಹೆಣೆದು ದಿನ ಕಳೆದ. ನಾನು ಹೀಗೆ ಕನ್ನಡದಲ್ಲಿ ಬರೆಯುತ್ತಿರುವುದು ಅವನ ಕೆಂಪು ಶಾಯಿಯ ಪುಣ್ಯ. ಆ ಮನೆಗೆ ಹೀಟರಿನ ಮೇಲೆ ಒಣಗುವ ಸಾಕ್ಸಿನದು, ಇಂಗಿನ ಒಗ್ಗರಣೆಯದು, ಊರಿಂದ ತಂದ ಪುಡಿಯ ಡಿಕಾಕ್ಷನ್ನಿನದು, ಎಲ್ಲ ಸೇರಿದ ಒಂದು ವಾಸನೆಯಿತ್ತು. ಕಾಫಿ ಮಾತ್ರ ಅಮ್ಮನ ಕೈಯದೇ ಆಗಬೇಕು. ನೈಟ್ ಡ್ಯೂಟಿ ಮುಗಿಸಿ ಮಲಗಿ ಎದ್ದವಳು ಮೂರೂವರೆಗೆ ಕಾಫಿ ಬೆರೆಸುತ್ತಿದ್ದಳು. ಅವಳಿಗೆ ಎರಡು ಚಮಚ ಸಕ್ಕರೆ. ಅಪ್ಪನ ಲೋಟ ಬೇರೆ, ಅವನಿಗೆ ಮೈಸೂರಿನಲ್ಲೇ ಸಕ್ಕರೆ ಕಾಯಿಲೆ ಅಂಟಿಕೊಂಡಿತ್ತು.

ನಾಲ್ಕು ಗಂಟೆಗೆ ಶೋ. ಅದೊಂದು ಬ್ರಿಟಿಷ್ ಕ್ವಿಜ್, ನಾವು ನೋಡುವ ಹೊತ್ತಿಗೇ ಅದಕ್ಕೆ ಇಪ್ಪತ್ತು ವರ್ಷ ವಯಸ್ಸಾಗಿತ್ತು. ಕಿವಿ ಮುಚ್ಚುವಷ್ಟು ಕೂದಲು ಬಿಟ್ಟ ಗಂಡಸರು, ಮಿರಿಮಿರಿ ಕೋಟು ತೊಟ್ಟ ನಿರೂಪಕ, ಗೆದ್ದವರಿಗೆ ಊಟದ ತಟ್ಟೆಗಳ ಸೆಟ್ಟು, ಸೋತವರಿಗೆ ಒಂದು ಮೇಜಿನ ಗಡಿಯಾರ. ಸೋತವರು ಗೆದ್ದವರಿಗೆ ಚಪ್ಪಾಳೆ ತಟ್ಟುವುದನ್ನು ಅಪ್ಪ ತಪ್ಪದೆ ತೋರಿಸುತ್ತಿದ್ದ. "ನೋಡು ಪುಟ್ಟಿ, ಎಷ್ಟು ಚೆನ್ನಾಗಿ ಸೋಲ್ತಾರೆ" ಎನ್ನುತ್ತಿದ್ದ. ನಾವಿಬ್ಬರೂ ಸೋಫಾದ ಮೇಲೆ ಕೂತು ಅವರ ಜೊತೆಗೇ ಆಡುತ್ತಿದ್ದೆವು. ನನ್ನ ಕೈಗೆ ದೇವರ ಗೂಡಿನ ಗಂಟೆ. "ಪೂಜೆ ಗಂಟೆ ಹಿಡ್ಕೊಂಡು ಎಂಥಾ ಆಟ ಅದು" ಎಂದು ಅಮ್ಮ ಬೈದರೂ ಕಸಿದುಕೊಂಡವಳಲ್ಲ. ಅಪ್ಪನ ಗಂಟೆ ಎಂದರೆ ಅವನ ಕಾಫಿ ಲೋಟ ಮತ್ತು ಒಂದು ಚಮಚ. ಮೊದಲು ಸದ್ದು ಮಾಡಿದವರು ಉತ್ತರ ಹೇಳಬೇಕು. ನಿಮ್ಮ ಮನೆಯಲ್ಲೂ ಇಂಥ ಒಂದು ಹೊತ್ತು ಇದ್ದಿರಬಹುದು, ರೇಡಿಯೋ ಮುಂದೆಯೋ ಟಿವಿ ಮುಂದೆಯೋ. ಅದು ಮುಗಿಯುತ್ತದೆಂದು ಆಗ ಯಾರಿಗಾದರೂ ಅನ್ನಿಸಿರುತ್ತದೆಯೇ?

ಅಪ್ಪನಿಗೆ ಗೊತ್ತಿಲ್ಲದ್ದೇ ಇರಲಿಲ್ಲ. ಯಾವ ರಾಜನಿಗೆ ಎಷ್ಟು ಹೆಂಡಿರು, ಯಾವ ನದಿ ಯಾವ ಸಮುದ್ರ ಸೇರುತ್ತದೆ, ಎಲ್ಲಕ್ಕೂ ನಿರೂಪಕ ಪ್ರಶ್ನೆ ಮುಗಿಸುವ ಮೊದಲೇ ಟಿಣ್. ಆದರೆ ಜೇಡಕ್ಕೆ ಎಷ್ಟು ಕಾಲು ಎಂಬಂಥ ಪ್ರಶ್ನೆ ಬಂದರೆ ಪಾಪ, ಅವನ ಚಮಚ ಕಾಫಿಯೊಳಗೆ ಸಿಕ್ಕಿಕೊಂಡಿರುತ್ತಿತ್ತು. ಗರಗರ ಕಲಕುತ್ತಾ "ಅಯ್ಯೋ, ಕೈ ಖಾಲಿ ಇರ್ಲಿಲ್ಲ ಕಣಮ್ಮ" ಎನ್ನುವಷ್ಟರಲ್ಲಿ ನಾನು ಗಂಟೆ ಬಾರಿಸಿ ಎಂಟು ಎಂದು ಕಿರುಚಿಯಾಗಿರುತ್ತಿತ್ತು. ಕೊನೆಗೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ದಿನವೂ ನಾನೇ ಒಂದೋ ಎರಡೋ ಅಂಕ ಮುಂದೆ. ಅಪ್ಪ ಲೋಟ ಕೆಳಗಿಟ್ಟು ಚಪ್ಪಾಳೆ ತಟ್ಟುತ್ತಿದ್ದ. ಅಷ್ಟು ತಿಳಿದವನನ್ನು ಸೋಲಿಸಿದವಳು ಎಂದು ನನಗೆ ಎರಡು ಕೋಡು ಮೂಡಿದ್ದವು.

ಆ ಕೋಡುಗಳೇ ಎಲ್ಲ ಹಾಳು ಮಾಡಿದ್ದು. ಇಲ್ಲಿನ ಶಾಲೆಗಳಲ್ಲಿ ಟೇಬಲ್ ಕ್ವಿಜ್ ಎಂದು ನಡೆಸುತ್ತಾರೆ. ಅಪ್ಪ ಅಮ್ಮಂದಿರು ಒಂದೊಂದು ಮೇಜಿಗೆ ನಾಲ್ವರಂತೆ ಕೂತು ಉತ್ತರ ಬರೆಯಬೇಕು. ನನಗಾಗ ಒಂಬತ್ತು ವರ್ಷ. ನಮ್ಮಪ್ಪನಿಗೆ ಎಲ್ಲ ಗೊತ್ತು ಎಂದು ಕ್ಲಾಸಿನಲ್ಲೆಲ್ಲ ಡಂಗುರ ಸಾರಿ, ಕೇಳದೆ ಅವನ ಹೆಸರು ಕೊಟ್ಟು ಬಂದೆ. "ಬೇಡ ಪುಟ್ಟಿ, ಅದು ಬೇರೆ ಥರ ಇರತ್ತೆ" ಎಂದ. ನಾನು ಬಿಡಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದ. ಹರ್ಲಿಂಗ್ ಆಟದ ಪ್ರಶ್ನೆ, ಇಲ್ಲಿನ ಊರುಗಳ ಪ್ರಶ್ನೆ, ಹಾಡುಗಳ ಪ್ರಶ್ನೆ. ಮೇಜಿನ ಉಳಿದ ಮೂವರು ಪ್ರತಿ ಸಲ ಅಪ್ಪನ ಕಡೆ ಆಸೆಯಿಂದ ತಿರುಗುತ್ತಿದ್ದರು, ನನ್ನ ಡಂಗುರ ಅವರ ಕಿವಿಗೂ ಬಿದ್ದಿತ್ತಲ್ಲ. ಅಪ್ಪ ಇಂಗು ತಿಂದ ಮಂಗನಂತೆ ಕೂತಿದ್ದ. ಅವರ ಮೇಜಿಗೆ ಕೊನೆಯ ಸ್ಥಾನ ಬಂತು. ಕೆಂಚು ಗಡ್ಡದವನೊಬ್ಬ ಅಪ್ಪನ ಬೆನ್ನು ತಟ್ಟಿ "ಯೂ ಆರ್ ಗ್ರ್ಯಾಂಡ್" ಎಂದ. ಪರವಾಗಿಲ್ಲ ಬಿಡು ಎಂಬ ಅರ್ಥ. ದಾರಿಯುದ್ದಕ್ಕೂ ನಾನು ಅಪ್ಪನ ಕೈ ಹಿಡಿಯಲಿಲ್ಲ.

ಮುಂದಿನ ವಾರ ನನಗೆ ಜ್ವರ, ಶಾಲೆಗೆ ರಜೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನೀರಿಗೆಂದು ಮೆಟ್ಟಿಲಿಳಿದು ಬಂದೆ. ಮೇಲೆ ಮಲಗಿದ್ದ ಅಮ್ಮನಿಗೆ ಎಚ್ಚರವಾಗದಂತೆ ಸದ್ದು ತಗ್ಗಿಸಿ, ಅಪ್ಪ ಟಿವಿಗೆ ಕಿವಿಯಿಟ್ಟು ಕೂತಿದ್ದ. ತೊಡೆಯ ಮೇಲೆ ನಿಘಂಟು. ನಿರೂಪಕ ಹೇಳಿದ್ದನ್ನೆಲ್ಲ ತುಟಿಯಲ್ಲೇ ತಿರುಗಿ ಹೇಳಿಕೊಳ್ಳುತ್ತಿದ್ದ. ನಾನು ನೀರು ಕುಡಿಯದೆಯೇ ಮೇಲೆ ಹೋದೆ. ಸಂಜೆ ನಾಲ್ಕಕ್ಕೆ ಅದೇ ಗಂಡಸರು, ಅದೇ ಕೋಟು, ಅದೇ ಪ್ರಶ್ನೆಗಳು. ಬೆಳಿಗ್ಗೆ ತೋರಿಸಿದ್ದನ್ನೇ ಸಂಜೆಯೂ ಹಾಕುತ್ತಿದ್ದರು. ಅಪ್ಪನ ಲೋಟ ಮೊದಲ ಸಲ ಟಿಣ್ ಅನ್ನುತ್ತಲೇ ನಾನು ಎದ್ದು ನಿಂತೆ.

"ಯೂ ಆರ್ ಎ ಚೀಟ್, ಅಪ್ಪಾ" ಎಂದೆ. ಇಂಗ್ಲಿಷಿನಲ್ಲಿ, ಶಾಲೆಯಲ್ಲಿ ಕಲಿತ ಕಾರ್ಕ್ ರಾಗದಲ್ಲಿ.

ಅಪ್ಪ ಚಮಚ ಕೆಳಗಿಟ್ಟ. "ಹೌದು ಪುಟ್ಟಿ, ಬೆಳಿಗ್ಗೆ ನೋಡಿರ್ತೀನಿ. ಇಲ್ಲಾಂದ್ರೆ ಅವರ ಇಂಗ್ಲಿಷು ನಂಗೆಲ್ಲಿ ಅರ್ಥ ಆಗ್ಬೇಕು" ಎಂದ. ನನ್ನ ಕೈಯಿಂದ ಗಂಟೆ ತೆಗೆದುಕೊಂಡು, ಪಂಚೆಯ ಅಂಚಿನಲ್ಲಿ ಒರೆಸಿ, ದೇವರ ಗೂಡಿನಲ್ಲಿಟ್ಟ. ನಾವು ಮತ್ತೆ ಆಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವನೇ ನನಗೆ ಕಾಪಿ ಬರೆಸಿದ್ದ.

ಆಮೇಲೆ ನಿಯಮ ಬದಲಾಗಿ ಅವನಿಗೂ ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿತು, ನಾವು ಬೇರೆ ಮನೆಗೆ ಹೋದೆವು, ನಾನು ಓದಿ ಡಬ್ಲಿನ್‌ಗೆ ಹೋಗಿ ಅಲ್ಲಿನ ಸ್ಯಾಂಡಿಫರ್ಡ್ ಬಡಾವಣೆಯ ಆಫೀಸೊಂದನ್ನು ಸೇರಿದೆ. ಅಪ್ಪ ನನ್ನ ಮೇಲೆ ಮುನಿಸಿಕೊಂಡವನೇ ಅಲ್ಲ, ಅದೇ ಕಷ್ಟ. ಮುನಿಸಿಕೊಂಡಿದ್ದರೆ ತಪ್ಪಾಯಿತು ಅನ್ನಬಹುದಿತ್ತು. ಎದೆನೋವೆಂದು ಅವನನ್ನು ಆಸ್ಪತ್ರೆಗೆ ಸೇರಿಸಿದ ದಿನ ಫೋನಿನಲ್ಲಿ ಹೇಗಿದೀಯಪ್ಪಾ ಎಂದರೆ "ಗ್ರ್ಯಾಂಡ್ ಕಣಮ್ಮ, ನೀನು ಕೆಲಸ ನೋಡ್ಕೋ" ಎಂದ. ನಾನು ಕೆಲಸ ನೋಡಿಕೊಂಡೆ. ಮರುದಿನ ಕಾರ್ಕ್ ಮುಟ್ಟುವಷ್ಟರಲ್ಲಿ ಅವನಿರಲಿಲ್ಲ.

ಕಾಯುವ ಕೋಣೆಯಲ್ಲಿ ಇದನ್ನೆಲ್ಲ ಮೊದಲ ಸಲ ಅಮ್ಮನಿಗೆ ಹೇಳಿದೆ. ಟಿವಿಯಲ್ಲಿ ಸೋತವನೊಬ್ಬ ಗಡಿಯಾರ ಹಿಡಿದು ಚಪ್ಪಾಳೆಗೆ ಕೈ ಸಾಲದೆ ಒದ್ದಾಡುತ್ತಿದ್ದ. ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಹೊಸದಾಗಿ ಕೇಳಿಸಿತು.

"ಅಮ್ಮಾ, ಎಲ್ಲಾ ಉತ್ತರ ಬೆಳಿಗ್ಗೆನೇ ಗೊತ್ತಿತ್ತಲ್ಲ ಅಪ್ಪಂಗೆ. ಮತ್ತೆ ದಿನಾ ನನ್ ಕೈಲಿ ಹೇಗೆ ಸೋಲ್ತಿದ್ದ?"

ಅಮ್ಮ ನನ್ನ ಕಡೆ ತಿರುಗಿದಳು. "ಈಗ ಕೇಳ್ತಿದೀಯಾ" ಎಂದಳು. ಅಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕರೆದರು. ಕೋಟು ಸರಿಮಾಡಿಕೊಂಡು ಎದ್ದವಳು ನನ್ನ ಭುಜ ಹಿಡಿದು ನಿಂತಳು. "ಅವರ ಕಾಫಿಗೆ ನಾನು ಒಂದಿನಾನೂ ಸಕ್ಕರೆ ಹಾಕ್ದೋಳಲ್ಲ. ಅಷ್ಟೊಂದು ಕಲಕೋಕೆ ಅದ್ರಲ್ಲಿ ಏನಿತ್ತು ಹೇಳು?"

ಅವಳು ಒಳಗೆ ಹೋದಳು. ನಾನು ಅಳುತ್ತಿದ್ದೆ, ಎದುರು ಕೂತ ಮುದುಕಿ ನನ್ನ ಕಡೆ ನೋಡದಂತೆ ನಟಿಸುತ್ತಿದ್ದಳು. ಟಿವಿಯಲ್ಲಿ ಅದರದೇ ಮುಂದಿನ ಕಂತು ಶುರುವಾಯಿತು. ಆ ಮಿರಿಮಿರಿ ಕೋಟಿನವನು, ಬಹುಶಃ ಅವನೂ ಈಗ ಇಲ್ಲ, ಜೇಡಕ್ಕೆ ಎಷ್ಟು ಕಾಲು ಎಂದು ಕೇಳಿದ. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಇದೊಂದಾದರೂ ಅಪ್ಪನಿಗಿರಲಿ ಎಂದು ಸುಮ್ಮನೆ ಕೂತೆ.