ಸೋಮವಾರಕ್ಕೊಮ್ಮೆ ಸಾಯುವ ಹಾರ್ನು

ಊರೆಲ್ಲ ಮಲಗಿದ ಮೇಲೆ ಶೆಡ್ಡಿನ ಕಡೆಯಿಂದ ಒಂದು ಸಣ್ಣ ಸದ್ದು. ತಗಡು ಚಳಿಗೆ ಕುಗ್ಗುವಾಗ ಬರುವಂಥ 'ಟಿಕ್'. ಅದರ ಬೆನ್ನಿಗೇ, ಸೊಳ್ಳೆ ಕಿವಿಯ ಹತ್ತಿರ ಬಂದು ಹೋದಂತೆ 'ಗುಂಯ್'. ಮತ್ತೆ ಏನೂ ಇಲ್ಲ. ಭ್ರಮೆ ಇರಬೇಕು ಎಂದುಕೊಳ್ಳುವಷ್ಟರಲ್ಲಿ ಪಡಸಾಲೆಯಲ್ಲಿ ಮಲಗಿದ್ದ ಹುಲುಗಣ್ಣ ಎದ್ದು ಕೂತಿದ್ದಾರೆ.

"ಕೇಳಿಸ್ತೇನ್ರಿ?" ಎಂದು ಕತ್ತಲಲ್ಲೇ ಕೇಳುತ್ತಾರೆ. ಕೇಳಿಸಿತು ಎನ್ನುತ್ತೇನೆ.

"ಹಂಗಾರ ಒಳಗ ಅದಾನ," ಎನ್ನುತ್ತಾರೆ, ಕಳ್ಳನ ವಿಷಯ ಹೇಳುವ ಹಾಗೆ ದನಿ ತಗ್ಗಿಸಿ.

ಹುಲುಗಣ್ಣ ಕೊಟ್ಟೂರಿನ ಆಟೊ ಎಲೆಕ್ಟ್ರಿಷಿಯನ್. ಉಜ್ಜಿನಿ ರಸ್ತೆಗೆ ಮುಖ ಮಾಡಿದ ತಗಡಿನ ಶೆಡ್ಡು, ಅದರ ಬೆನ್ನಿಗೆ ಅಂಟಿಕೊಂಡ ಮನೆ. ಅವರ ಕೆಲಸದ ಬಗ್ಗೆ ಬರೆಯಲೆಂದು ಸಂಜೆ ಮಾತಾಡಿಸಲು ಬಂದ ನನಗೆ ಹರಪನಹಳ್ಳಿಯ ಕೊನೆ ಬಸ್ಸು ತಪ್ಪಿ, ಅವರ ಹೆಂಡತಿ ಜಂಬಮ್ಮ ತಮ್ಮ ಪಕ್ಕದಲ್ಲೇ ಚಾಪೆ ಹಾಸಿಕೊಟ್ಟಿದ್ದಾರೆ. ಶೆಡ್ಡಿನಲ್ಲಿ ನಿಂತಿರುವುದು ಒಂದು ಹಳೆಯ ಅಂಬಾಸಿಡರ್. ಅದರ ಒಳದೀಪದ ವೈರು ಎಲ್ಲೋ ಶಾರ್ಟ್ ಆಗುತ್ತಿದೆ. ಎಲ್ಲಿ ಎಂದು ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಮಲಗುವ ಮುಂಚೆ ಹುಲುಗಣ್ಣ ಫ್ಯೂಸು ಕಿತ್ತು, ಆ ಜಾಗದಲ್ಲಿ ಸ್ಕೂಟರಿನ ಒಂದು ಬಜ್ಜರ್ ಕೂರಿಸಿ ಬಂದಿದ್ದರು. ವೈರು ತಗಡಿಗೆ ತಾಗಿದ ಕ್ಷಣ ಅದು ಕೂಗಬೇಕು. ಕೂಗಿದೆ, ಒಂದೇ ಒಂದು ಸಲ.

ಬೆಳಕು ಹರಿಯುವ ಹೊತ್ತಿಗೆ ಅವರು ಕಾರಿನ ಸೀಟಿನ ಮೇಲೆ ಮಂಡಿಯೂರಿದ್ದಾರೆ. ಪಾದ ಬಾಗಿಲ ಹೊರಗೆ, ಬಾಯಲ್ಲಿ ಟಾರ್ಚು. ಚಾವಣಿಯ ಬಟ್ಟೆಗೆ ಮೂಗು ಹಚ್ಚಿ ಅಂಗುಲ ಅಂಗುಲವಾಗಿ ಮೂಸುತ್ತಿದ್ದಾರೆ. ಜಂಬಮ್ಮ ಚಹಾದ ಲೋಟ ಬಾನೆಟ್ಟಿನ ಮೇಲೆ ಇಟ್ಟು ನನ್ನ ಕಡೆ ತಿರುಗುತ್ತಾರೆ. "ನೋಡ್ರಿ ಇವ್ರನ್ನ. ನಾ ಮಾಡಿದ ಸಾರು ಒಂದಿನ ಹಿಂಗ ಮೂಸಿ ನೋಡ್ಲಿಲ್ಲ."

ಈ ಕಾರಿನ ಕಷ್ಟ ಶುರುವಾಗಿ ಕೆಲವು ತಿಂಗಳಾಗಿದೆ. ಕಾರು ಪಂಪಮ್ಮ ಎಂಬ ಹಿರಿಯರ ಗಂಡನದು. ಅವರು ಕೊಂಡದ್ದು, ಅವರೇ ಒರೆಸಿಟ್ಟದ್ದು, ಸಾಯುವವರೆಗೆ ಮುಂದಿನ ಎಡಸೀಟಿನಲ್ಲಿ ಕೂತು ಓಡಾಡಿದ್ದು. ಅವರಿಲ್ಲದ ಮೇಲೂ ಪಂಪಮ್ಮ ಪ್ರತಿ ಸೋಮವಾರ ಇದೇ ಕಾರಿನಲ್ಲಿ ಉಜ್ಜಿನಿಯ ಮರುಳಸಿದ್ಧೇಶ್ವರನ ದರ್ಶನಕ್ಕೆ ಹೋಗುತ್ತಾರೆ. ಹಿಂದಿನ ಸೀಟಿನಲ್ಲಿ ಅವರು, ಸ್ಟೇರಿಂಗ್ ಹಿಡಿದು ಮಗ ಗಂಗಾಧರ್. ಎಡಸೀಟು ಖಾಲಿ. ಅಲ್ಲಿ ಯಾರನ್ನೂ ಕೂರಿಸುವುದಿಲ್ಲ. (ಇವರಿಬ್ಬರ ಹೆಸರು ಇಲ್ಲಿ ಬೇರೆ. ಊರನ್ನೂ ಕಾರಿನ ಬಣ್ಣವನ್ನೂ ಬರೆಯುತ್ತಿಲ್ಲ. ಹುಲುಗಣ್ಣ ಹಾಕಿದ ಷರತ್ತು ಅದೊಂದೇ: "ಕೆಲಸ ಬರೀರಿ, ಮನಿ ಬರೀಬ್ಯಾಡ್ರಿ.")

ತೊಂದರೆ ಬರುವುದು ಸೋಮವಾರ ಮಾತ್ರ. ಅರ್ಧ ದಾರಿಯಲ್ಲಿ ಹಾರ್ನು ಸಾಯುತ್ತದೆ. ಬಾಗಿಲು ತೆರೆದರೆ ಒಳದೀಪ ಹತ್ತುವುದಿಲ್ಲ. ಸುಟ್ಟ ರಬ್ಬರಿನ ವಾಸನೆ. ಈ ಗಾಡಿಯಲ್ಲಿ ಹಾರ್ನಿಗೂ ಒಳದೀಪಕ್ಕೂ ಒಂದೇ ಫ್ಯೂಸು. ಅದೂ ದಪ್ಪನೆಯದು. ಅದು ಹಾರುವಷ್ಟರಲ್ಲಿ ದೀಪದ ತೆಳ್ಳನೆಯ ವೈರು ಕಾದು ಕೆಂಪಾಗಿರುತ್ತದೆ. ಹರಪನಹಳ್ಳಿಯಲ್ಲಿ ತೋರಿಸಿದ್ದಾರೆ, ಹಗರಿಬೊಮ್ಮನಹಳ್ಳಿಯಲ್ಲಿ ತೋರಿಸಿದ್ದಾರೆ, ಕೂಡ್ಲಿಗಿಗೂ ಒಯ್ದಿದ್ದಾರೆ. ಗ್ಯಾರೇಜಿಗೆ ಬಂದಾಗ ಕಾರು ಸಾಧು. ಎಲ್ಲರೂ ಹೊಸ ಫ್ಯೂಸು ಹಾಕಿ, ಏನೂ ಇಲ್ಲ ಎಂದು ಕಳಿಸಿದ್ದಾರೆ.

ಹೋದ ಸೋಮವಾರ ಚಾವಣಿಯಿಂದ ನೂಲಿನಂಥ ಹೊಗೆ ಇಳಿದಿದೆ. ಪಂಪಮ್ಮನಿಗೆ ಮೊಣಕಾಲು ಮಡಚಲು ಬರುವುದಿಲ್ಲ. ಹಿಂದಿನ ಸೀಟಿನಿಂದ ಅವರನ್ನು ಇಳಿಸಬೇಕಾದರೆ ಒಬ್ಬರು ಹೊರಗಿನಿಂದ ಎಳೆಯಬೇಕು, ಒಬ್ಬರು ಒಳಗಿನಿಂದ ಎತ್ತಬೇಕು. ಅಂದು ಮಗ ಒಬ್ಬರೇ ಇದ್ದರು. ಬೆಂಕಿ ಹತ್ತಲಿಲ್ಲ, ಅಷ್ಟೇ.

ಕಾರು ಬಿಟ್ಟುಹೋಗುವಾಗ ಗಂಗಾಧರ್ ಹೇಳಿದ ಮಾತು ಹುಲುಗಣ್ಣನ ತಲೆಯಲ್ಲಿ ಕೂತಿದೆ. "ಇದೇ ಕಡೀ ಸಲ ನೋಡಪ. ಸೋಮವಾರ ಮುಂಜಾನಿ ಎಂಟಕ್ಕ ಅವ್ವನ್ನ ಕರ್ಕಂಡು ಬರ್ತೀನಿ. ಒಯ್ರಿ ಅಂದ್ರ ಒಯ್ತೀನಿ. ನೀ ಅನುಮಾನ ಮಾಡಿದ್ರ ಗುಜರಿಯವ್ನಿಗೆ ಹೇಳೀನಿ, ಮಧ್ಯಾಹ್ನ ಬಂದು ಎಳಕಂಡು ಹೋಗ್ತಾನ."

ಇಂದು ಸೋಮವಾರ. "ಒಯ್ರಿ ಅನ್ನೋದು ಒಂದು ಮಾತು ನೋಡ್ರಿ," ಟಾರ್ಚು ಬಾಯಿಂದ ತೆಗೆದು ಹುಲುಗಣ್ಣ ಹೇಳುತ್ತಾರೆ. "ತಪ್ಪಿ ಅಂದ್ರ ಆ ಅವ್ವ ಒಳಗ ಕುಂತಿರ್ತಾಳ. ಅನ್ಲಿಲ್ಲಂದ್ರ ಯಜಮಾನ್ರ ಗಾಡಿ ತೂಕಕ್ಕ ಹೋಗ್ತೈತಿ."

ಹುಲುಗಣ್ಣ ಹುಟ್ಟಿದ್ದು ಕೂಡ್ಲಿಗಿ ಕಡೆಯ ಹಳ್ಳಿಯೊಂದರಲ್ಲಿ, ಕೂಲಿ ಮಾಡುವ ಮನೆಯಲ್ಲಿ. ಶಾಲೆ ಬಿಟ್ಟವರು ಹರಪನಹಳ್ಳಿಯ ಲಾರಿ ವೈರಿಂಗ್ ಅಂಗಡಿ ಸೇರಿದರು. ಮೊದಲ ವರ್ಷ ಕಲಿತದ್ದು ಉಸ್ತಾದರಿಗೆ ಚಹಾ ತರುವುದು, ಸುಟ್ಟ ವೈರಿನ ವಾಸನೆಯನ್ನೂ ಸುಟ್ಟ ಬಟ್ಟೆಯ ವಾಸನೆಯನ್ನೂ ಬೇರೆ ಮಾಡುವುದು. ಈಗ ದಿನಕ್ಕೆ ಏಳೆಂಟು ಗಾಡಿ ಕೈಗೆ ಬರುತ್ತವೆ. ಆಟೊದ ಹಾರ್ನು, ಬೈಕಿನ ಬ್ಯಾಟರಿ. ಮೆಕ್ಕೆಜೋಳದ ಸುಗ್ಗಿಯಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳ ಹಿಂದೀಪ ಕಟ್ಟುವುದರಲ್ಲೇ ಮಧ್ಯಾಹ್ನದ ಊಟ ಸಂಜೆಗೆ ಜಾರುತ್ತದೆ. ಹಡಗಲಿ ಕಡೆಯಿಂದ ಫೋನ್ ಬಂದರೆ ಚೀಲ ಹೆಗಲಿಗೇರಿಸಿ ಬಸ್ ಹತ್ತುತ್ತಾರೆ. ಹಳೆಯ ಕಾರುಗಳು ವರ್ಷಕ್ಕೆ ನಾಲ್ಕೈದು ಬಂದರೆ ಹೆಚ್ಚು.

ಬಲತೋಳು ಮೇಲೆತ್ತಿದರೆ ನೋವು. ಬ್ಯಾಟರಿಯ ಆಸಿಡ್ ಬಿದ್ದು ಅಂಗಿಗಳೆಲ್ಲ ತೂತು. "ಒಗಿಯಾಕ ಹಾಕಿದ್ರ ಅಂಗಿ ಅಲ್ರಿ, ಜರಡಿ," ಎನ್ನುತ್ತಾರೆ ಜಂಬಮ್ಮ. ಅವರಿಗೆ ಅದಕ್ಕಿಂತ ದೊಡ್ಡ ತಕರಾರು ಇನ್ನೊಂದು. ರಿಪೇರಿಯಾದ ಗಾಡಿ ಮನೆ ಮುಟ್ಟಿತೆಂದು ಫೋನ್ ಬರುವವರೆಗೆ ಗಂಡ ಉಣ್ಣುವುದಿಲ್ಲ. "ಗಾಡಿ ಕಳಸ್ತಾರೋ, ಮಗಳ್ನ ಗಂಡನ ಮನಿಗಿ ಕಳಸ್ತಾರೋ ತಿಳಿಯಂಗಿಲ್ರಿ. ರೊಟ್ಟಿ ಆರಿ ತಗಡಾಗತಾವ."

ಹುಲುಗಣ್ಣ ನಗುವುದಿಲ್ಲ. ಹಡಗಲಿ ರಸ್ತೆಯಲ್ಲಿ ಒಂದು ಟೆಂಪೊ ಉರಿಯುವುದನ್ನು ಅವರು ಬಸ್ಸಿನ ಕಿಟಕಿಯಿಂದ ನೋಡಿದ್ದಾರೆ. ಅವರ ಕೈ ತಾಗಿದ ಗಾಡಿ ಅಲ್ಲ ಅದು. ಆದರೂ ಮನೆಗೆ ಬಂದವರು ಆ ತಿಂಗಳು ಮುಟ್ಟಿದ ಗಾಡಿಗಳವರಿಗೆಲ್ಲ ಫೋನ್ ಮಾಡಿ ಚೆನ್ನಾಗಿದ್ದೀರಾ ಎಂದು ಕೇಳಿದ್ದರು. "ನಮ್ಮ ಕೆಲಸ ಕಣ್ಣಿಗಿ ಕಾಣಬಾರದ್ರಿ," ಎನ್ನುತ್ತಾರೆ. "ಕಂಡ್ರ ಹೊಗಿ ಬಂದೈತಿ ಅಂತ ಅರ್ಥ."

ಏಳು ದಾಟಿದೆ. ಬಿಸಿಲು ಶೆಡ್ಡಿನ ತಗಡಿಗೆ ತಾಗುತ್ತಿದ್ದಂತೆ ಕಾರಿನ ಚಾವಣಿಯೂ ಹಿಗ್ಗುತ್ತದೆ. ಇನ್ನು ಬಜ್ಜರ್ ಕೂಗುವ ನಂಬಿಕೆ ಇಲ್ಲ. ಹುಲುಗಣ್ಣ ಬೆರಳ ತುದಿಯಿಂದ ಬಟ್ಟೆಯನ್ನು ಒತ್ತುತ್ತ ಹಿಂದಿನಿಂದ ಮುಂದಕ್ಕೆ ಬರುತ್ತಾರೆ. ಎಡಸೀಟಿನ ಮೇಲೆ, ಬಾಗಿಲಿನ ಅಂಚಿಗೆ ಬಂದಾಗ 'ಗುಂಯ್' ಎನ್ನುತ್ತದೆ. ಬೆರಳು ತೆಗೆದರೆ ಮೌನ. ಒತ್ತಿದರೆ ಮತ್ತೆ 'ಗುಂಯ್'.

ಟಾರ್ಚು ಓರೆಯಾಗಿ ಹಿಡಿದಾಗ ಬಟ್ಟೆಯಲ್ಲಿ ಸೂಜಿಮೊನೆಯಷ್ಟು ತೂತುಗಳು ಕಾಣುತ್ತವೆ. ಒಂದಲ್ಲ, ಎರಡಲ್ಲ, ಅಂಗೈ ಅಗಲದ ಜಾಗದ ತುಂಬ. ಸುತ್ತ ಹಳದಿ ಕಲೆ. ಅಂಚಿನ ಹೊಲಿಗೆ ಬಿಚ್ಚಿ ಬಟ್ಟೆ ಇಳಿಸಿದರೆ, ಹಿಂದೆ ಹಾದುಹೋದ ವೈರಿನ ರಬ್ಬರು ಅಲ್ಲಲ್ಲಿ ಕರಗಿ ಕಪ್ಪಾಗಿದೆ. ಅದಕ್ಕೆ ಚುಚ್ಚಿಕೊಂಡು, ಇನ್ನೊಂದು ತುದಿಯಿಂದ ಚಾವಣಿಯ ಕಬ್ಬಿಣದ ಕಮಾನನ್ನು ಮುಟ್ಟಿಯೂ ಮುಟ್ಟದೆ ನಿಂತಿದೆ ಮುರಿದ ಪಿನ್ನಿನ ಮೊನೆ. ಸೀರೆಗೆ ಹಾಕುವ ಪಿನ್ನು.

ಹುಲುಗಣ್ಣ ಮೊನೆಯನ್ನು ಬಿಡಿಸಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಖಾಲಿ ಸೀಟನ್ನೂ ಆ ಕಲೆಯನ್ನೂ ಒಮ್ಮೆ ನೋಡಿ ಮೆಲ್ಲಗೆ ಹೇಳುತ್ತಾರೆ. "ಹೂವ್ರಿ. ಯಜಮಾನ್ರು ಕುಂದರತಿದ್ದ ಜಾಗದ ಮ್ಯಾಲ ಆ ಅವ್ವ ಸೋಮವಾರ ಸೋಮವಾರ ಪಿನ್ನು ಚುಚ್ಚಿ ಹೂವು ಏರಸ್ತಾಳ. ಮತ್ತ ಬಾಡಿದ ಹೂವು ಇಟ್ಕಂಡು ಗಾಡಿ ಗ್ಯಾರೇಜಿಗಿ ಕಳಸ್ತಾರೇನ್ರಿ? ತೆಗೀತಾಳ. ಹೂವಿನ ಕೂಡ ಪಿನ್ನೂ ಹೋಗ್ತೈತಿ, ಪಿನ್ನಿನ ಕೂಡ ಶಾರ್ಟೂ ಹೋಗ್ತೈತಿ. ಈ ಸಲ ಮೊನಿ ಮುರದು ಒಳಗ ಉಳದೈತಿ, ಅದಕ್ಕ ಸಿಕ್ತು."

"ಮಗ ನೋಡಿಲ್ಲೇನ್ರಿ?" ಜಂಬಮ್ಮ ಕೇಳುತ್ತಾರೆ.

"ಹೂವು ನೋಡ್ಯಾನ. ಪಿನ್ನು ಯಾರ್ ನೋಡ್ತಾರ್ಲೇ?"

ಆ ಮೇಲಿನ ಮುಕ್ಕಾಲು ಗಂಟೆ ಅವರ ಕೈ ನಿಲ್ಲುವುದಿಲ್ಲ. ಸುಟ್ಟ ವೈರನ್ನು ಪೂರ್ತಿ ಎಳೆದು ಹಾಕುತ್ತಾರೆ. ಹೊಸ ವೈರಿಗೆ ದಪ್ಪ ಕೊಳವೆ ತೊಡಿಸಿ, ಎಡಬದಿ ಬಿಟ್ಟು ಬಲಬದಿಯಿಂದ ಒಯ್ಯುತ್ತಾರೆ. ಅದಕ್ಕೆಂದೇ ಬೇರೆ ಸಣ್ಣ ಫ್ಯೂಸು. ಬಟ್ಟೆಯನ್ನು ಜಂಬಮ್ಮ ಹಳೆಯ ಹೊಲಿಗೆಯ ತೂತುಗಳಲ್ಲೇ ಮತ್ತೆ ಹೊಲಿಯುತ್ತಾರೆ. ಬಜ್ಜರ್ ಕೂರಿಸಿ, ಚಾವಣಿಗೆ ಗುದ್ದಿ, ಕಾರನ್ನು ಉಬ್ಬುತಗ್ಗಿನ ಮೇಲೆ ಓಡಿಸಿ ತರುತ್ತಾರೆ. ಕೂಗುವುದಿಲ್ಲ. ಆದರೂ ಇನ್ನೊಮ್ಮೆ ಗುದ್ದುತ್ತಾರೆ. ಕೊನೆಗೆ ಎಡಸೀಟಿನ ಮೇಲ್ಗಡೆ ಚಾವಣಿಯ ಅಂಚಿನಲ್ಲಿ, ಈಗ ಯಾವ ವೈರೂ ಇಲ್ಲದ ಜಾಗದಲ್ಲಿ, ಒಂದು ಬಿಳಿ ಪ್ಲಾಸ್ಟಿಕ್ ಕೊಕ್ಕೆ ಅಂಟಿಸುತ್ತಾರೆ. ಅದನ್ನು ಯಾರೂ ಹೇಳಿ ಮಾಡಿಸಿದ್ದಲ್ಲ.

ಎಂಟಕ್ಕೆ ಆಟೊ ಬಂದು ನಿಲ್ಲುತ್ತದೆ. ಪಂಪಮ್ಮನನ್ನು ಹಿಡಿದು ಇಳಿಸಿ ಗಂಗಾಧರ್ ಬಾನೆಟ್ಟು ನೋಡಲು ಹೋಗುತ್ತಾರೆ. ಹಣೆಯ ತುಂಬ ವಿಭೂತಿ ಹಚ್ಚಿದ ಆ ಅವ್ವ ಕೋಲು ಊರಿಕೊಂಡು ನೆಟ್ಟಗೆ ಮುಂದಿನ ಎಡಬಾಗಿಲಿಗೆ ಬರುತ್ತಾರೆ. ಕೈಯಲ್ಲಿ ಎಲೆಯ ಪೊಟ್ಟಣ. ಸೆರಗಿನ ತುದಿಯ ಪಿನ್ನು ಬಿಚ್ಚಿ ತುಟಿಗಳ ನಡುವೆ ಹಿಡಿಯುತ್ತಾರೆ, ಸೇವಂತಿಗೆಯ ತುಂಡು ಮಾಲೆ ತೆಗೆಯುತ್ತಾರೆ, ಒಳಗೆ ಬಾಗಿ ಮೇಲೆ ನೋಡುತ್ತಾರೆ. ಕೊಕ್ಕೆ ಕಾಣುತ್ತದೆ.

ಕೈ ಅಲ್ಲೇ ನಿಲ್ಲುತ್ತದೆ. ತಿರುಗಿ ಹುಲುಗಣ್ಣನನ್ನು ನೋಡುತ್ತಾರೆ. ಇವರು ಇಕ್ಕಳ ಒರೆಸುತ್ತ ನೆಲ ನೋಡುತ್ತಾರೆ. ಪಂಪಮ್ಮ ತುಟಿಯಿಂದ ಪಿನ್ನು ತೆಗೆದು, ಮುಚ್ಚಿ, ಮತ್ತೆ ಸೆರಗಿಗೆ ಚುಚ್ಚಿಕೊಳ್ಳುತ್ತಾರೆ. ಮಾಲೆಯನ್ನು ಕೊಕ್ಕೆಗೆ ಹಾಕುತ್ತಾರೆ.

"ಏನಾಗಿತ್ತು ಹುಲುಗಣ್ಣ?" ಗಂಗಾಧರ್ ಆ ಕಡೆಯಿಂದ ಕೇಳುತ್ತಾರೆ.

ಹುಲುಗಣ್ಣ ಬಾಯಿ ತೆರೆಯುವ ಮೊದಲೇ ಪಂಪಮ್ಮ ಹೇಳುತ್ತಾರೆ. "ವೈರು ಹಳೇದಾಗಿತ್ತಂತಪ. ಹಳೇದು ಅಂದ ಮ್ಯಾಲ ಸವೀತೈತಿ."

"ನಿನಗ ಯಾರು ಹೇಳಿದ್ರಬೇ?"

"ಇವನ ಹೇಳಿದ. ನೀ ಆ ಕಡಿ ಇದ್ದಿ."

ಹುಲುಗಣ್ಣ ಅವರಿಗೆ ಏನೂ ಹೇಳಿಲ್ಲ. "ಹೌದ್ರಿ ಸಾವ್ಕಾರ್ರ," ಎನ್ನುತ್ತಾರೆ. "ವೈರ ಬದ್ಲಿ ಮಾಡೀನಿ." ಚಾವಣಿಗೆ ಇನ್ನೊಂದು ಸಲ ಗುದ್ದಿ, "ಒಯ್ರಿ."

ಕಾರು ಉಜ್ಜಿನಿ ಕಡೆ ಹೊರಡುತ್ತದೆ. ತಿರುವಿನಲ್ಲಿ ಹಾರ್ನು ಕೇಳಿಸುತ್ತದೆ. ಜಂಬಮ್ಮ ರೊಟ್ಟಿ ಬಡಿಸಿ ಕರೆಯುತ್ತಾರೆ. ಹುಲುಗಣ್ಣ ಬರುವುದಿಲ್ಲ. ಟ್ರ್ಯಾಕ್ಟರಿನವನೊಬ್ಬ ಬಂದು ದೀಪ ನೋಡು ಎನ್ನುತ್ತಾನೆ, ಸ್ವಲ್ಪ ತಡೀರಿ ಎನ್ನುತ್ತಾರೆ. ಕೈಯಲ್ಲಿ ಮೊಬೈಲು, ಕಣ್ಣು ರಸ್ತೆಯ ಮೇಲೆ. ಹೊಗೆ ಎದ್ದರೆ ಇಲ್ಲಿಂದ ಕಾಣುತ್ತದೆಯೇ ಎಂದು ನಾನೂ ಆ ದಿಕ್ಕನ್ನೇ ನೋಡುತ್ತಿದ್ದೇನೆ. ರೊಟ್ಟಿ ಆರುತ್ತದೆ.

ಮೊಬೈಲು ಬಡಿದುಕೊಂಡಾಗ ಅವರ ಕೈಯಿಂದ ಜಾರಿ ಬೀಳುವುದರಲ್ಲಿತ್ತು. ಗಂಗಾಧರ್ ದನಿ ನಮಗೂ ಕೇಳುವಷ್ಟು ಜೋರಾಗಿದೆ. "ಮುಟ್ಟಿದ್ವಿಪ. ಏನೂ ಆಗಲಿಲ್ಲ. ಗುಜರಿಯವ್ನಿಗೆ ಬರಬ್ಯಾಡ ಅಂದೀನಿ. ಅಲ್ಲಾ, ಅಷ್ಟು ಗ್ಯಾರೇಜಿನವ್ರು ನೋಡಿದ್ರಲ್ಲ, ಅವರ್ಯಾರಿಗೂ ಸಿಗದ್ದು ಏನಿತ್ತು ಅದರಾಗ? ಖರೇ ಹೇಳು."

ಹುಲುಗಣ್ಣ ಅಂಗಿಯ ಜೇಬಿಗೆ ಕೈ ಹಾಕುತ್ತಾರೆ. ಮುರಿದ ಮೊನೆ ಬೆರಳಿಗೆ ಚುಚ್ಚುತ್ತದೆ. ಅದನ್ನು ತೆಗೆದು, ತುಂಡು ಮೊಳೆ, ತುಕ್ಕು ಸ್ಕ್ರೂಗಳು ತುಂಬಿದ ಹಳೆಯ ಡಬ್ಬಿಯೊಳಗೆ ಹಾಕುತ್ತಾರೆ. ಟಿಕ್ ಎನ್ನುತ್ತದೆ.

"ಅವ್ವಾರು ಹೇಳಿದ್ರಲ್ರಿ," ಎನ್ನುತ್ತಾರೆ. "ಅಷ್ಟ."

ಫೋನ್ ಇಟ್ಟು, ಕೈ ತೊಳೆದು, ರೊಟ್ಟಿಗೆ ಕೂರುತ್ತಾರೆ.