ಬಾರದ ಅಜ್ಜಿಯ ಚಹರೆ

ನನ್ನ ಗಂಡ ನನಗೆ ಸುಳ್ಳು ಹೇಳುವುದನ್ನು ಕಲಿಸಿದ್ದು ಮಧ್ಯಾಹ್ನದ ಊಟವಾದ ಮೇಲೆ, ಎರಡರಿಂದ ಮೂರು ಗಂಟೆಯವರೆಗೆ, ಒಂಬತ್ತು ದಿನ. ಚನ್ನರಾಯಪಟ್ಟಣದ ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ಅವರು ವಕೀಲರು, ಜೊತೆಗೆ ನೋಟರಿ. ಸಾಕ್ಷಿ ಹೇಳುವವರನ್ನು ಮೊದಲೇ ಕೂರಿಸಿಕೊಂಡು ತಯಾರು ಮಾಡುವುದು ಅವರ ಕಸುಬಿನ ಒಂದು ಭಾಗ. ಮೂವತ್ತೊಂದು ವರ್ಷ ಆ ಪಾಠವನ್ನು ಒಳಗಿನಿಂದ ಕೇಳಿಸಿಕೊಳ್ಳುತ್ತಾ ಸಾರಿಗೆ ಒಗ್ಗರಣೆ ಹಾಕಿದವಳು ನಾನು. ಒಂದು ದಿನ ಆ ಕುರ್ಚಿಯಲ್ಲಿ ನೀನೇ ಕೂರುತ್ತೀಯ ಎಂದು ಯಾರಾದರೂ ಹೇಳಿದ್ದರೆ ಸೌಟು ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದೆ.

ತಪ್ಪು ಶುರುವಾದದ್ದು ನನ್ನ ಸಹಿಯಿಂದ. ನೋಟರಿ ಮುಂದೆ ಹೆಬ್ಬೆಟ್ಟು ಒತ್ತುವವರನ್ನು ಗುರುತಿಸಲು ಒಬ್ಬ ಸಾಕ್ಷಿ ಬೇಕು. 'ಇವರನ್ನು ನಾನು ಬಲ್ಲೆ' ಎಂದು ಬರೆದು ಸಹಿ ಹಾಕಬೇಕು. ಗುಮಾಸ್ತ ರಜೆ ಹಾಕಿದ ದಿನ ಇವರು ಕಾಗದ ಹಿಡಿದು ಅಡಿಗೆಮನೆಗೇ ಬರುತ್ತಿದ್ದರು. ನಾನು ಸೆರಗಿಗೆ ಕೈ ಒರೆಸಿಕೊಂಡು ಗೀಚಿ ಕೊಡುತ್ತಿದ್ದೆ. ಹೊರಗೆ ಯಾರು ಕೂತಿದ್ದಾರೆ, ಕೂತಿದ್ದಾರೋ ಇಲ್ಲವೋ, ಒಂದು ದಿನವೂ ಇಣುಕಿ ನೋಡಲಿಲ್ಲ. ನನ್ನ ಸಹಿ ಚೆನ್ನಾಗಿದೆ ಎಂದು ಇವರು ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ. ಥೂ, ನನ್ನ ಬುದ್ಧಿಗಿಷ್ಟು!

ಆಮೇಲೆ ಹಗರಣ ಟಿವಿಗೆ ಬಂತು. ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡವರಿಗೆ ಸೇರಬೇಕಿದ್ದ ಜಮೀನೆಲ್ಲ ಒಬ್ಬ ಮುಖಂಡರ ಕಡೆಯವರ ಪಾಲಾಗಿತ್ತು. ಯಾವ ಮುಖಂಡರು ಎಂದು ನಾನು ಹೇಳುವುದಿಲ್ಲ. ಎಲ್ಲ ಪಕ್ಷದ ಶಾಲನ್ನೂ ಹೊದ್ದು ಬಂದವರು ಎಂದರೆ ಸಾಕು. ಮುಳುಗಡೆಯಾದವರೇ ಮನಸಾರೆ ಜಮೀನಿನ ಅಧಿಕಾರ ಬರೆದುಕೊಟ್ಟ ಹಾಗೆ ಪತ್ರಗಳಿದ್ದವು. ಅಂಥ ಒಂದು ಪತ್ರದಲ್ಲಿ ಅರಕಲಗೂಡು ಕಡೆಯ ಒಬ್ಬ ಹೆಂಗಸಿನ ಹೆಬ್ಬೆಟ್ಟು, ಕೆಳಗೆ ನನ್ನ ಗಂಡನ ಕೆಂಪು ಮೊಹರು, ಪಕ್ಕದಲ್ಲಿ ನನ್ನ ಸಹಿ. ಬರೆದು ಎರಡು ವರ್ಷವಾಗಿತ್ತು. ಆದರೆ ಆ ಹೆಂಗಸು ಊರಿಗೆ ನೀರು ನುಗ್ಗಿದ ಕಾಲದಲ್ಲೇ ಕಾಣೆಯಾಗಿದ್ದಳು. ಹೆಣ ಸಿಕ್ಕಿರಲಿಲ್ಲ, ಹಾಗಾಗಿ ಸತ್ತಳೆಂದು ಎಲ್ಲೂ ದಾಖಲಾಗಿರಲಿಲ್ಲ. ಹೆಬ್ಬೆಟ್ಟಿನ ಮಸಿ ಹರಡಿ ಗೆರೆಗಳೇ ಅಳಿಸಿಹೋಗಿದ್ದವು. ಇನ್ನು ಉಳಿದದ್ದು ಒಂದೇ ಪ್ರಶ್ನೆ. ಆಕೆ ನಮ್ಮ ಮನೆಗೆ ಬಂದಿದ್ದಳೋ ಇಲ್ಲವೋ? ಬಂದಿದ್ದಳು ಎಂದು ನಾನು ಹೇಳಿದರೆ ನನ್ನ ಗಂಡ ಉಳಿಯುತ್ತಾರೆ, ಇಲ್ಲವೆಂದರೆ ಜೈಲು.

"ಯಾರು ತಂದ್ರು ಈ ಕಾಗದಾನ?" ಎಂದು ಕೇಳಿದೆ.

"ಆ ಮುಖಂಡರ ಕಡೆಯವರು. ಅಜ್ಜಿಗೆ ಕಾಲು ಬರಲ್ಲ, ಕಾರಲ್ಲೇ ಹೆಬ್ಬೆಟ್ಟು ಒತ್ತಿಸ್ಕೊಂಡು ಬಂದ್ವಿ ಅಂದ್ರು. ನಂಬಿದೆ ಕಣೇ."

"ಕಾರ್ ಹತ್ರ ಹೋಗಿ ನೋಡಿದ್ರಾ?"

ಅವರೂ ನನ್ನ ಹಾಗೆಯೇ ಇಣುಕಿ ನೋಡಿರಲಿಲ್ಲ. ಬೈಯಬೇಕೆಂದು ಬಾಯಿ ತೆರೆದವಳು ಅವರ ಮುಖ ನೋಡಿ ಸುಮ್ಮನಾದೆ. ಅವರು ಕೆಟ್ಟ ಮನುಷ್ಯನಲ್ಲ. ಅವರೆಕಾಯಿ ಕಾಲದಲ್ಲಿ ಸಂಜೆ ಕೋರ್ಟಿನಿಂದ ಬಂದು, ಕರಿಕೋಟು ಬಿಚ್ಚಿಟ್ಟು, ನನ್ನ ಪಕ್ಕ ಚಾಪೆ ಮೇಲೆ ಕೂತು ಕಾಳು ಹಿದುಕುವ ಗಂಡಸು ಈ ತಾಲ್ಲೂಕಿನಲ್ಲಿ ಇನ್ನೊಬ್ಬನಿದ್ದರೆ ತೋರಿಸಲಿ. ಮೈಸೂರಿನಲ್ಲಿರುವ ಮಗಳು ಫೋನಿನಲ್ಲಿ ಅಳುತ್ತಾ, "ಅಮ್ಮ, ಅಪ್ಪ ಹೇಳ್ಕೊಟ್ಟ ಹಾಗೆ ಹೇಳ್ಬಿಡಮ್ಮ, ಇಲ್ಲಿ ನಮ್ಮತ್ತೆ ಟಿವಿ ಆಫೇ ಮಾಡ್ತಿಲ್ಲ" ಎಂದಳು. ಹಾಗೆ ಪಾಠ ಶುರುವಾಯಿತು.

"ಸುಳ್ಳು ಸಾಕ್ಷಿ ಸಿಕ್ಕಿಹಾಕ್ಕೊಳೋದು ಸಣ್ಣಪುಟ್ಟ ವಿಷಯದಲ್ಲಿ," ಎಂದರು ಇವರು. "ಆಕೆ ನಿನ್ನ ಕಣ್ಣಿಗೆ ಕಾಣಬೇಕು. ಹೇಳು, ಸೀರೆ ಯಾವ ಬಣ್ಣ?"

"ಹಸಿರು. ಹಳದಿ ಅಂಚು."

"ಎಲ್ಲಿ ಕೂತ್ಲು?"

"ಕುರ್ಚಿ ಮೇಲೆ ಕೂರಲ್ಲ ಅಂದ್ಳು. ಬಾಗಿಲ ಮೆಟ್ಟಿಲ ಮೇಲೆ ಕೂತ್ಲು."

ನಾಲಿಗೆಗೆ ಎಲುಬಿಲ್ಲ ನೋಡಿ. ಮೊದಲ ದಿನ ತೊದಲಿದವಳು ನಾಲ್ಕನೇ ದಿನದ ಹೊತ್ತಿಗೆ ಅವರು ಕೇಳದೆ ಇದ್ದದ್ದನ್ನೂ ಹೇಳತೊಡಗಿದೆ. ಎಡಗಿವಿಯ ತೂತು ಹರಿದು ಎರಡು ಸೀಳಾಗಿತ್ತು. ಮುಂಗೈ ಮೇಲೆ ಹಚ್ಚೆ. ಕಾಫಿ ಬೇಡವೆಂದಳು, ನೀರು ಕೇಳಿದಳು, ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿದಳು. ಮಾತಾಡುವಾಗ ಬಲಗಣ್ಣು ಸ್ವಲ್ಪ ಮುಚ್ಚುತ್ತಿದ್ದಳು. ಇವೆಲ್ಲ ಎಲ್ಲಿಂದ ಬಂದವೋ ನನಗೆ ಗೊತ್ತಿಲ್ಲ. ನನ್ನ ಬಳಗದಲ್ಲಿ, ಹೊಳೆನರಸೀಪುರದ ನನ್ನ ತವರಿನಲ್ಲಿ, ನಾನು ಕಂಡ ಯಾವ ಮುದುಕಿಯೂ ಹಾಗಿರಲಿಲ್ಲ. ಇವರು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ ಪೆನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

ಆರನೇ ದಿನ ಗುಡಿಸುವಾಗ ಒಂದು ವಿಷಯ ಗಮನಕ್ಕೆ ಬಂತು. ಮೆಟ್ಟಿಲ ಬಲತುದಿಯನ್ನು ನಾನು ಗುಡಿಸದೆ ಬಿಡುತ್ತಿದ್ದೆ. ಅಲ್ಲಿ ಯಾರೋ ಕೂತಿದ್ದಾರೆ, ಪೊರಕೆ ತಾಗಬಾರದು ಎಂಬಂತೆ ಕೈ ತಾನಾಗಿ ಸುತ್ತು ಬಳಸಿ ಹೋಗುತ್ತಿತ್ತು. ಇವರಿಗೆ ಹೇಳಿದರೆ ನಗುತ್ತಾರೆಂದು ಹೇಳಲಿಲ್ಲ. ಮಾರನೇ ದಿನ ಇವರೇ ಚಪ್ಪಲಿ ಮೆಟ್ಟುವಾಗ ಮೆಟ್ಟಿಲ ಎಡಕ್ಕೆ ಸರಿದು, ಗೋಡೆ ಹಿಡಿದು, ಓರೆಯಾಗಿ ಇಳಿದದ್ದನ್ನು ನೋಡಿದೆ. ಯಾಕೆ ಹಾಗೆ ಇಳಿದಿರಿ ಎಂದು ಕೇಳಿದೆ.

"ಹೆಂಗೆ?" ಎಂದರು. ಅವರಿಗೆ ಗೊತ್ತೇ ಇರಲಿಲ್ಲ.

ಎಂಟನೇ ದಿನ ಮಟಮಟ ಮಧ್ಯಾಹ್ನ, ನಾನು ಬಟ್ಟೆ ಮಡಚುತ್ತಿದ್ದೆ. ಹೊರಗಿನಿಂದ ಯಾರೋ ನೀರು ಕೇಳಿದ ಹಾಗಾಯಿತು. ಗದರುವ ದನಿಯಲ್ಲ, ದೀನ ದನಿಯೂ ಅಲ್ಲ, ಮನೆಯವರೇ ಕೇಳಿದ ಹಾಗೆ. ಲೋಟ ತುಂಬಿಸಿ ಹಿಡಿದು ಹೋದೆ. ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಲೋಟವನ್ನು ಮೆಟ್ಟಿಲ ಮೇಲೆ ಇಟ್ಟು ಒಳಗೆ ಬಂದೆ. ಯಾಕೆ ಇಟ್ಟೆ ಎಂದು ಕೇಳಬೇಡಿ. ಉಳಿದ ಬಟ್ಟೆ ಮಡಚಿ ಹೋಗಿ ನೋಡಿದರೆ ಲೋಟ ಬರಿದಾಗಿತ್ತು. ಕಾಗೆ ಕುಡಿದಿರಬೇಕು ಎಂದುಕೊಂಡು ತೊಳೆದಿಟ್ಟೆ.

ಹಾಸನದ ತನಿಖಾ ಕಚೇರಿಯಲ್ಲಿ ನಾನು ಒಂದು ತಪ್ಪೂ ಮಾಡಲಿಲ್ಲ. ಅಧಿಕಾರಿ ಸಣ್ಣ ವಯಸ್ಸಿನವರು, ಮರ್ಯಾದಸ್ಥರು. "ಇಷ್ಟೆಲ್ಲ ಹೇಗೆ ನೆನಪಿದೆ ಮೇಡಂ?" ಎಂದು ಕೇಳಿದರು. "ಮರೆಯೋ ಮುಖ ಅಲ್ಲ ಸಾರ್ ಅದು" ಎಂದೆ. ಅದು ಇವರು ಕಲಿಸಿದ ಮಾತಲ್ಲ. ಹೇಳುವಾಗ ನನಗೆ ಅದು ಸುಳ್ಳೆಂದು ಅನ್ನಿಸಲೂ ಇಲ್ಲ. ಹೊರಗೆ ಬಂದಾಗ ಇವರು ನನ್ನ ಕೈ ಹಿಡಿದುಕೊಂಡು, "ನಿನ್ನ ಬಿಟ್ರೆ ನನಗ್ಯಾರೇ?" ಎಂದರು. ಬಸ್‌ಸ್ಟ್ಯಾಂಡಿನ ಎದುರು ಮಸಾಲೆ ದೋಸೆ ಕೊಡಿಸಿದರು. ಎಲ್ಲ ಮುಗಿಯಿತು ಎಂದುಕೊಂಡೆವು.

ಮೂರು ವಾರದ ಮೇಲೆ, ಪಿತೃಪಕ್ಷದಲ್ಲಿ, ಬೆಳಿಗ್ಗೆ ಹತ್ತರ ಹೊತ್ತಿಗೆ ಒಬ್ಬ ಹೆಂಗಸು ಗೇಟು ತೆರೆದು ಬಂದಳು. ಐವತ್ತರ ಮೇಲಿನ ವಯಸ್ಸು, ಕೈಯಲ್ಲಿ ಚೀಲ. ಅರಕಲಗೂಡಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ನಾನು ಕೂರಲು ಹೇಳುವ ಮೊದಲೇ ಮೆಟ್ಟಿಲನ್ನು ನೋಡಿ, "ಇಲ್ಲೇನಾ ಕೂತಿದ್ದು?" ಎಂದಳು.

"ಯಾರಮ್ಮ ನೀನು?"

"ನಾನು ಅವ್ಳ ಮಗಳು ಕಣಮ್ಮಾ. ನೀವು ಆಸನದಲ್ಲಿ ಏಳಿದ್ರಲ್ಲಾ, ಎರಡ್ ವರ್ಸದ್ ಇಂದೆ ಬಂದಿದ್ಲು ಅಂತ. ಸಾಯೇಬ್ರು ನನ್ನ ಕರ್ಸಿ ಓದಿ ಏಳುದ್ರು. ನಮ್ಮವ್ವ ಬದುಕವ್ಳಾ?"

ನಾವು ಕಾಗದದ ಬಗ್ಗೆ ಯೋಚಿಸಿದ್ದೆವು, ಅಧಿಕಾರಿಯ ಬಗ್ಗೆ, ಟಿವಿಯ ಬಗ್ಗೆ, ಮಗಳ ಅತ್ತೆಯ ಬಗ್ಗೆ ಯೋಚಿಸಿದ್ದೆವು. ಆ ಅಜ್ಜಿಗೆ ಒಬ್ಬ ಮಗಳಿರಬಹುದು ಎಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಅವಳು ಕೂತಳು, ಸರಿಯಾಗಿ ಆ ಬಲತುದಿಯಲ್ಲೇ. ಊರಿಗೆ ನೀರು ಬಂದಾಗ ಅವಳಿಗೆ ಆರು ವರ್ಷವಂತೆ. ಎಲ್ಲರೂ ಗಾಡಿಗೆ ಸಾಮಾನು ಹೇರಿಕೊಂಡು ಹೊರಟ ಮೇಲೆ ಅವ್ವ ಇನ್ನೊಂದು ಸಲ ಮನೆ ನೋಡಿ ಬರುತ್ತೇನೆಂದು ತಿರುಗಿ ಹೋದವಳು ಬರಲಿಲ್ಲ. ನೀರಿಗೆ ಬಿದ್ದಳೆಂದರು ಕೆಲವರು, ಕಾಫಿ ತೋಟದ ಕಡೆ ಹೋದಳೆಂದರು ಕೆಲವರು. ಅಪ್ಪ ಏಳು ವರ್ಷ ಕಾದು, ಆಮೇಲೆ ಹಿರಿಯರ ಮಾತು ಕೇಳಿ ಪಿತೃಪಕ್ಷದ ಅಮಾವಾಸ್ಯೆಗೆ ಅವಳ ಹೆಸರಿನಲ್ಲಿ ಎಡೆ ಇಡಲು ಶುರುಮಾಡಿದ. ಅಪ್ಪ ಹೋದ ಮೇಲೂ ಮಗಳು ಅದನ್ನು ಒಂದು ವರ್ಷವೂ ತಪ್ಪಿಸಿರಲಿಲ್ಲ.

"ನನಗೆ ಅವ್ವನ ಮಖ ಗ್ಯಾನವೇ ಇರ್ಲಿಲ್ಲ ಕಣಮ್ಮಾ. ಒಂದು ಪೋಟೋನೂ ಇಲ್ಲ. ನೀವು ಬರ್ಸಿದ್ದ ಓದಿದ್ರು ನೋಡಿ, ಅರ್ದಿದ್ ಕಿವಿ, ಅಚ್ಚೆ, ಕಣ್ಣು ಇಂಗೆ ಮಾಡಾದು... ಈಗ ಕಣ್ ಮುಚ್ಚುದ್ರೆ ಅಂಗೇ ಬಂದು ನಿಂತ್ಕತಾಳೆ."

ಒಳಗಿನಿಂದ ಇವರು ಬಂದು ಬಾಗಿಲಲ್ಲಿ ನಿಂತರು. ಎಲ್ಲ ಕೇಳಿಸಿಕೊಂಡಿದ್ದರು.

"ನಾಳಿದ್ದು ಅಮಾಸೆ," ಎಂದಳು ಅವಳು. "ಬದುಕಿರೋರ್ಗೆ ಎಡೆ ಇಕ್ಕುದ್ರೆ ಆಯಸ್ಸು ಕಿತ್ತಂಗೆ. ಸತ್ತೋರ್ಗೆ ಇಕ್ಕಲಿಲ್ಲ ಅಂದ್ರೆ ಅಸ್ಕಂಡು ಬಾಗ್ಲಲ್ಲಿ ನಿಂತಿರ್ತಾರೆ. ನಮ್ಮಣ್ಣ ಬೇಡ ಅಂತಾವ್ನೆ, ಅವ್ವ ಬದುಕವ್ಳೆ ಅಂತಾನೆ. ನೋಡಿರೋರು ನೀವು. ಇಕ್ಲಾ ಬೇಡ್ವಾ, ಅದೊಂದು ಏಳ್ಬುಡಿ."

ನಾನು ಗಂಡನ ಮುಖ ನೋಡಿದೆ. ಅವರು ಮುಂದೆ ಬಂದು ಮೃದುವಾಗಿ, ಕಕ್ಷಿದಾರರಿಗೆ ಧೈರ್ಯ ಹೇಳುವ ದನಿಯಲ್ಲಿ, "ಬಂದಿದ್ರು ತಾಯಿ. ಚೆನ್ನಾಗೇ ಇದ್ರು. ನಿನ್ನ ವಿಷಯಾನೂ ಕೇಳಿದ್ರು" ಎಂದರು.

ನಿನ್ನ ವಿಷಯಾನೂ ಕೇಳಿದ್ರು! ಒಂಬತ್ತು ದಿನದ ಪಾಠದಲ್ಲಿ ಈ ಮಾತು ಇರಲಿಲ್ಲ. ಆ ಹೆಂಗಸಿನ ಮುಖ ಅರಳಿತು, ಆರು ವರ್ಷದ ಹುಡುಗಿಯ ಮುಖದಂತೆ ಅರಳಿತು. ನನಗೆ ನನ್ನ ಗಂಡನನ್ನು ಕಂಡು ಭಯವಾಯಿತು. ಮದುವೆಯಾದ ಮೇಲೆ ಅದೇ ಮೊದಲು. ಅದಕ್ಕಿಂತ ಹೆಚ್ಚು ನನ್ನನ್ನು ಕಂಡೇ ಭಯವಾಯಿತು, ಯಾಕೆಂದರೆ ಒಂದು ಗಳಿಗೆ ನಾನೂ ಹೌದೆಂದು ತಲೆಯಾಡಿಸಿದ್ದೆ.

"ಇಡಮ್ಮ," ಎಂದೆ. "ಎಡೆ ಇಡು. ನಿಮ್ಮವ್ವ ಇಲ್ಲಿಗೆ ಬಂದಿಲ್ಲ. ನಾನು ಅವಳನ್ನ ನೋಡೇ ಇಲ್ಲ. ಕಿವಿ, ಹಚ್ಚೆ, ಎಲ್ಲ ನಾನು ಕಟ್ಟಿ ಹೇಳಿದ್ದು."

"ಏನ್ ಮಾತಾಡ್ತಿದ್ದೀಯ ಗೊತ್ತೇನೇ?" ಎಂದರು ಇವರು.

"ಗೊತ್ತು ರೀ. ಒಳಗೆ ಹೋಗಿ."

ಅವಳು ನನ್ನನ್ನು ಬೈಯಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ನಾನು ಎಷ್ಟೋ ಸಾವಿನ ಮನೆ ನೋಡಿದ್ದೇನೆ. ಅದು ಐವತ್ತು ವರ್ಷದ ಹಿಂದಿನ ಸಾವಿಗೆ ಅಳುವ ಅಳು ಅಲ್ಲ, ಹೆಣ ಇನ್ನೂ ಅಂಗಳದಲ್ಲಿರುವಾಗಿನ ಅಳು. ಕೊನೆಗೆ, "ನೀವೇ ಬದುಕ್ಸಿ ನೀವೇ ಸಾಯ್ಸ್ಬುಟ್ರಲ್ಲಾ ಅಮ್ಮಾ" ಎಂದಳು. ಅಣ್ಣ ನಂಬುವುದಿಲ್ಲ, ಬಂದು ನೀವೇ ಹೇಳಿ ಎಂದು ಊರಿನ ಗುರುತು ಹೇಳಿ ಹೋದಳು.

ಮಾರನೇ ದಿನ ಒಬ್ಬಳೇ ಹಾಸನಕ್ಕೆ ಹೋಗಿ ಹೇಳಿಕೆ ಬದಲಾಯಿಸಿದೆ. ಇವರ ನೋಟರಿ ಕೆಲಸ ಹೋಯಿತು, ಕೇಸು ಇನ್ನೂ ನಡೆಯುತ್ತಿದೆ, ಅದರಲ್ಲಿ ನನ್ನ ಹೆಸರೂ ಇದೆ. ನಮ್ಮ ಮಗಳು ಹಬ್ಬಕ್ಕೆ ಮಾತ್ರ ಫೋನು ಮಾಡುತ್ತಾಳೆ. ನಾವಿಬ್ಬರೂ ಅದೇ ಮನೆಯಲ್ಲಿದ್ದೇವೆ. ಉಪ್ಪು ಬೇಕೇ, ಬಾಗಿಲು ಹಾಕಿದೆಯಾ, ಇಷ್ಟು ಮಾತಿದೆ. ಒಮ್ಮೆ ಮಾತ್ರ ಅವರು, "ನನಗೋಸ್ಕರ ಸುಮ್ನಿರಬಹುದಿತ್ತು" ಎಂದರು. ಇರಬಹುದಿತ್ತು, ನಿಜ. ನಾನು ಆ ಮಾತನ್ನು ಅಲ್ಲಗಳೆಯಲಿಲ್ಲ.

ಆ ಅಮಾವಾಸ್ಯೆಯ ದಿನ, ಆ ಹೆಂಗಸು ಹೇಳಿದ ಹಾಗೆ, ಅವಳ ಊರಿಗೆ ಹೋದೆ. ಅಣ್ಣನ ಎದುರು ನಿಂತು, ನಾನು ನೋಡಿಲ್ಲ, ಸುಳ್ಳು ಹೇಳಿದೆ ಎಂದೆ. ಅವನು ಮುಖ ತಿರುಗಿಸಿ ಗೋಡೆ ನೋಡಿದ. ನಡುಮನೆಯಲ್ಲಿ ಬಾಳೆಎಲೆ ಹಾಸಿ, ಮುದ್ದೆ, ಸಾರು, ವಡೆ, ಪಾಯಸ ಬಡಿಸಿ, ಹೊಸ ಸೀರೆ ಇಟ್ಟು, ಧೂಪ ಹಾಕಿದರು. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಂಡರು. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು. ಬಿಸಿಲು ನೆತ್ತಿಗೆ ಬಂದಿತ್ತು. ಮಕ್ಕಳೂ ಸದ್ದು ಮಾಡಲಿಲ್ಲ.

ಆ ಹೆಂಗಸು ಮುಚ್ಚಿದ ಬಾಗಿಲಿನ ಮುಂದೆ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದಳು. ಆಮೇಲೆ ಕಣ್ಣು ತೆರೆಯದೆ, ನನ್ನ ಕಡೆಗೆ ಸ್ವಲ್ಪ ವಾಲಿ, ಪಿಸುಮಾತಿನಲ್ಲಿ ಕೇಳಿದಳು.

"ಅಮ್ಮಾವ್ರೇ, ಅವ್ವನ್ನ ಕರೀತಾ ಇವ್ನಿ. ನೀವ್ ಏಳಿದ್ರಲ್ಲಾ, ಅವ್ಳೇ ಬತ್ತಾವ್ಳೆ. ಅವ್ಳನ್ನ ಕಣ್ಣಿಂದ ತಗ್ಯಾದೆಂಗೆ?"

ಒಳಗೆ ಎಲೆ ಸರಿದ ಸದ್ದಾಯಿತು.